ಶುಗರ್ ಅಳತೆಗೂ ಅವರೇ ಮೂಲ, ಮಾಗದ ಗಾಯದ ಆಮ್ಲಜನಕ ಅಳತೆಗೂ ಅವರೇ: ಲೆಲ್ಯಾಂಡ್ ಕ್ಲಾರ್ಕ್ ಬದುಕಿನ ಕಥೆ

ಪವಾಯಿ ಕೆರೆಯ ನೀರಿನಲ್ಲಿ ಮೀನು ಬದುಕುವಷ್ಟು ಆಮ್ಲಜನಕ ಇದೆಯೇ? ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ತಿಂಗಳುಗಟ್ಟಲೆ ಒಣಗದೆ ಉಳಿದಿರುವ ಹುಣ್ಣು ವಾಸಿಯಾಗುವಷ್ಟು ಆಮ್ಲಜನಕ ಆ ಪಾದಕ್ಕೆ ಸಿಗುತ್ತಿದೆಯೇ? ಮೇಲ್ನೋಟಕ್ಕೆ ಈ ಎರಡು ಪ್ರಶ್ನೆಗಳಿಗೆ ಯಾವ ಸಂಬಂಧವೂ ಇಲ್ಲ. ಮೊದಲನೆಯದನ್ನು ಕೇಳುವವರು ಪರಿಸರ ತಜ್ಞರು, ಎರಡನೆಯದನ್ನು ಕೇಳುವವರು ಶಸ್ತ್ರವೈದ್ಯರು. ಆದರೆ ಇಬ್ಬರೂ ದಶಕಗಳಿಂದ ಕೈಗೆತ್ತಿಕೊಳ್ಳುತ್ತಾ ಬಂದ ಸಾಧನದ ಮೂಲ ಒಂದೇ. ಅದರ ಹೆಸರು ಕ್ಲಾರ್ಕ್ ಎಲೆಕ್ಟ್ರೋಡ್. ಅದನ್ನು ಕಟ್ಟಿದವರು ಅಮೆರಿಕದ ಜೀವರಸಾಯನ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್.

ಮುಂಬೈನ ಪವಾಯಿ ಕೆರೆ ಕಟ್ಟಿದ್ದು 1891ರಲ್ಲಿ, ನಗರಕ್ಕೆ ಕುಡಿಯುವ ನೀರು ಕೊಡಲೆಂದು. ನೀರು ಕುಡಿಯಲು ಯೋಗ್ಯವಲ್ಲ ಎಂದು ಆ ಯೋಜನೆ ಕೈಬಿಟ್ಟರು. ಇಂದು ಅದರ ದಡದಲ್ಲಿ ಐಐಟಿ ಬಾಂಬೆ ಇದೆ, ಹತ್ತಿರದಲ್ಲೇ ಹೀರಾನಂದಾನಿ ಬಡಾವಣೆಯ ಎತ್ತರದ ಕಟ್ಟಡಗಳಿವೆ, ಕೆರೆಯಲ್ಲಿ ಮೊಸಳೆಗಳೂ ಇವೆ. ಕೊಳಚೆ ನೀರು ಸೇರಿ ಅಂತರಗಂಗೆ ಹಬ್ಬಿದಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ನಮ್ಮ ಹವೆಯ ಬಿಸಿಯಲ್ಲಿ ಶುದ್ಧ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಅದು ಅರ್ಧಕ್ಕಿಂತ ಕೆಳಗಿಳಿದರೆ ಮೀನು ಏದುಸಿರು ಬಿಡುತ್ತದೆ.

ಅದೇ ಕೆರೆಯ ಪಕ್ಕದ ಐಐಟಿಯಲ್ಲಿ 2014ರಲ್ಲಿ ಬೆಟಿಕ್ ಎಂಬ ವೈದ್ಯಕೀಯ ಉಪಕರಣ ಕೇಂದ್ರ ಶುರುವಾಯಿತು. ಅಲ್ಲಿ ಎಂಜಿನಿಯರುಗಳು ಮತ್ತು ವೈದ್ಯರು ಒಟ್ಟಿಗೆ ಕೂತು ಕೆಲಸ ಮಾಡಿದ ವಿಷಯಗಳಲ್ಲಿ ಮಧುಮೇಹಿಗಳ ಪಾದ ತಪಾಸಣೆಯೂ ಒಂದು. ಕೇಂದ್ರವನ್ನು ಕಟ್ಟಿದ ಪ್ರೊ. ಬಿ. ರವಿ ಆನಂತರ ನಮ್ಮ ಸುರತ್ಕಲ್‌ನ ಎನ್‌ಐಟಿಕೆ ನಿರ್ದೇಶಕರಾದರು. ಮಧುಮೇಹಿಗಳ ಪಾದಕ್ಕೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿಗೆ ಒಂದು ಅಂಕಿ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿತ್ತು.

ಇವರೆಲ್ಲರ ಮನೆಯಲ್ಲಿರುವ, ಇಲ್ಲವೇ ಇರಬೇಕಾದ ಗ್ಲುಕೋಮೀಟರ್‌ನ ವಂಶವೃಕ್ಷ ಹುಡುಕಿಕೊಂಡು ಹೋದರೂ ಸಿಗುವುದು ಇದೇ ಕ್ಲಾರ್ಕ್ ಅವರ ಹೆಸರು. ರಕ್ತದ ಸಕ್ಕರೆ ಅಳೆಯುವ ದಾರಿ ತೋರಿಸಿದವರೂ ಅವರೇ, ಸಕ್ಕರೆ ಹಾಳುಮಾಡಿದ ಪಾದದಲ್ಲಿ ಉಸಿರು ಎಷ್ಟು ಉಳಿದಿದೆ ಎಂದು ಅಳೆಯುವ ದಾರಿ ತೋರಿಸಿದವರೂ ಅವರೇ. ಆದರೂ ಅವರ ಹೆಸರು ಪ್ರಯೋಗಾಲಯಗಳ ಆಚೆ ಅಷ್ಟಾಗಿ ಕೇಳಿಬರುವುದಿಲ್ಲ.

ನೊರೆಯಿಂದ ಶುರುವಾದ ಹಾದಿ

ಲೆಲ್ಯಾಂಡ್ ಕ್ಲಾರ್ಕ್ ಹುಟ್ಟಿದ್ದು 1918ರ ಡಿಸೆಂಬರ್ 4ರಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಓದಿದ್ದು ಓಹಾಯೊ ರಾಜ್ಯದ ಯೆಲ್ಲೋ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಆಂಟಿಯೋಕ್ ಕಾಲೇಜಿನಲ್ಲಿ. ಓದಿನ ಜೊತೆಜೊತೆಗೇ ಹೊರಗಡೆ ಕೆಲಸವನ್ನೂ ಮಾಡಿಸುವ ಪದ್ಧತಿ ಆ ಕಾಲೇಜಿನದು. 1941ರಲ್ಲಿ ಪದವಿ ಮುಗಿಸಿ, ಹುಟ್ಟೂರಿನ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1944ರಲ್ಲಿ ಪಿಎಚ್‌.ಡಿ ಪಡೆದರು. ಮತ್ತೆ ಯೆಲ್ಲೋ ಸ್ಪ್ರಿಂಗ್ಸ್‌ಗೇ ಬಂದು, ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕೆ ಹೆಸರಾಗಿದ್ದ ಫೆಲ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ನೋಡಿಕೊಂಡರು.

ಹೃದಯದ ಒಳಗೆ ಚಾಕು ಹಾಕುವುದು ಆಗ ಕನಸಿನ ಮಾತು. ಹೃದಯ ನಿಲ್ಲಿಸಿದರೆ ರೋಗಿ ಸಾಯುತ್ತಾನೆ, ನಿಲ್ಲಿಸದಿದ್ದರೆ ಒಳಗೆ ಕೆಲಸ ಮಾಡಲಾಗದು. ಶಸ್ತ್ರಚಿಕಿತ್ಸೆ ನಡೆಯುವ ಹೊತ್ತು ರಕ್ತಕ್ಕೆ ದೇಹದ ಹೊರಗೇ ಆಮ್ಲಜನಕ ತುಂಬುವ ಯಂತ್ರ ಬೇಕಿತ್ತು. ಹಲವೆಡೆ ಹಲವರು ಇದಕ್ಕಾಗಿ ಒದ್ದಾಡುತ್ತಿದ್ದರು. ಕ್ಲಾರ್ಕ್ ಸರಳ ದಾರಿ ಹಿಡಿದರು. ರಕ್ತದೊಳಗೆ ನೇರವಾಗಿ ಆಮ್ಲಜನಕದ ಗುಳ್ಳೆಗಳನ್ನು ಬಿಡುವುದು. ಮೀನಿನ ತೊಟ್ಟಿಗೆ ಗಾಳಿ ಬಿಡುವುದಿಲ್ಲವೇ, ಹಾಗೆ.

ಆದರೆ ರಕ್ತ ನೀರಲ್ಲ. ಗುಳ್ಳೆ ಬಿಟ್ಟರೆ ಸಾಬೂನಿನಂತೆ ನೊರೆ ಬರುತ್ತದೆ. ಆ ನೊರೆ ರೋಗಿಯ ರಕ್ತನಾಳಕ್ಕೆ ಹೋದರೆ ಕಥೆ ಮುಗಿಯಿತು. ಸಿಲಿಕೋನ್ ಲೇಪಿಸಿದ ಗಾಜಿನ ಮಣಿಗಳ ಮೇಲೆ ರಕ್ತ ಹರಿಸಿದರೆ ನೊರೆ ಒಡೆಯುತ್ತದೆ ಎಂಬುದನ್ನು ಕ್ಲಾರ್ಕ್ ತಂಡ ತೋರಿಸಿತು. 1950ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಈ ಪ್ರಬಂಧಕ್ಕೆ ಮೂವರು ಲೇಖಕರು. ಕ್ಲಾರ್ಕ್, ಫ್ರಾಂಕ್ ಗೊಲ್ಲನ್ ಮತ್ತು ನಮ್ಮ ಕಡೆಯ ಹೆಸರೊಂದು, ಗುಪ್ತಾ. ಎರಡೇ ವರ್ಷದಲ್ಲಿ, ಅಂದರೆ 1952ರಲ್ಲಿ, ಸಿನ್ಸಿನಾಟಿಯ ಶಸ್ತ್ರವೈದ್ಯರ ಜೊತೆ ಸೇರಿ ಈ ಬಗೆಯ ಯಂತ್ರವನ್ನು ರೋಗಿಯೊಬ್ಬರಿಗೆ ಬಳಸಿದ ವರದಿಯೂ ಬಂತು.

ಇಲ್ಲೇ ಕ್ಲಾರ್ಕ್ ಅವರಿಗೆ ಪೆಟ್ಟು ಬಿದ್ದದ್ದು. ಯಂತ್ರದ ಬಗ್ಗೆ ಬರೆದ ಲೇಖನವೊಂದನ್ನು ಸಂಪಾದಕರು ವಾಪಸ್ ಕಳಿಸಿದರು. ಕಾರಣ ಸರಿಯಾಗಿಯೇ ಇತ್ತು. ಯಂತ್ರದಿಂದ ಹೊರಬರುವ ರಕ್ತದಲ್ಲಿ ಆಮ್ಲಜನಕದ ಒತ್ತಡ ಎಷ್ಟು ಎಂದು ಹೇಳಲು ಕ್ಲಾರ್ಕ್ ಬಳಿ ಅಂಕಿಯೇ ಇರಲಿಲ್ಲ. ರಕ್ತ ಕೆಂಪಾಗಿದೆ ಎಂದು ಕಣ್ಣಿಂದ ನೋಡಿ ಹೇಳಿದರೆ ವಿಜ್ಞಾನ ಒಪ್ಪುವುದಿಲ್ಲ. ಸಂಪಾದಕರ ಮೇಲೆ ಸಿಟ್ಟಾಗಿ ಕೂರುವ ಬದಲು ಕ್ಲಾರ್ಕ್ ಅಳತೆಯ ಹಿಂದೆ ಬಿದ್ದರು. ತಿರಸ್ಕಾರ ಇಷ್ಟು ಫಲ ಕೊಟ್ಟ ಉದಾಹರಣೆ ವೈದ್ಯಕೀಯ ಇತಿಹಾಸದಲ್ಲಿ ಕಡಿಮೆ.

ಒಂದು ತೆಳು ಪೊರೆಯ ಮಹಿಮೆ

ವಿದ್ಯುತ್ತಿನಿಂದ ಆಮ್ಲಜನಕ ಅಳೆಯುವುದು ಹೊಸ ವಿಚಾರವಾಗಿರಲಿಲ್ಲ. ಜೆಕ್ ವಿಜ್ಞಾನಿ ಯಾರೊಸ್ಲಾವ್ ಹೇಯ್‌ರೊವ್‌ಸ್ಕಿ 1922ರಲ್ಲೇ ಪೋಲರೋಗ್ರಫಿ ಎಂಬ ವಿಧಾನ ಕಂಡುಹಿಡಿದಿದ್ದರು, ಮುಂದೆ 1959ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು. ಪ್ಲಾಟಿನಂ ತಂತಿಗೆ ಸುಮಾರು ಅರ್ಧ ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್ ಕೊಟ್ಟರೆ, ಅದರ ಮೈಗೆ ತಾಗಿದ ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳುತ್ತದೆ. ಹೆಚ್ಚು ಆಮ್ಲಜನಕ ಇದ್ದರೆ ಹೆಚ್ಚು ಕರೆಂಟ್ ಹರಿಯುತ್ತದೆ, ಕಡಿಮೆ ಇದ್ದರೆ ಕಡಿಮೆ. 1942ರಲ್ಲಿ ಡೇವಿಸ್ ಮತ್ತು ಬ್ರಿಂಕ್ ಇಂಥ ತಂತಿಗಳಿಂದ ಪ್ರಾಣಿಗಳ ಅಂಗಾಂಶದಲ್ಲಿ ಆಮ್ಲಜನಕ ಅಳೆದಿದ್ದರು. 1950ರ ಹೊತ್ತಿಗೆ ಫಿಲಡೆಲ್ಫಿಯಾದ ಮಾಂಟ್‌ಗೊಮೆರಿ ಮತ್ತು ಹಾರ್ವಿಟ್ಸ್ ಮನುಷ್ಯರ ಚರ್ಮದೊಳಗೆ ಸೂಜಿಯಂಥ ಎಲೆಕ್ಟ್ರೋಡ್ ಇಳಿಸಿ ಅಳೆದಿದ್ದರು. ಕಾಲಿಗೆ ರಕ್ತ ಸಾಲದವರ ಪಾಡು ಆ ಅಳತೆಯ ಹಿಂದಿತ್ತು.

ತೊಂದರೆ ಬೇರೆಯದೇ ಇತ್ತು. ಬೆತ್ತಲೆ ಪ್ಲಾಟಿನಂ ಅನ್ನು ರಕ್ತಕ್ಕೆ ಅದ್ದಿದರೆ ರಕ್ತದ ಪ್ರೋಟೀನು, ಕಣಗಳೆಲ್ಲ ಬಂದು ಮೆತ್ತಿಕೊಳ್ಳುತ್ತಿದ್ದವು. ನಿಮಿಷ ಕಳೆಯುವುದರೊಳಗೆ ಓದು ತಪ್ಪುತ್ತಿತ್ತು. ಕ್ಲಾರ್ಕ್ ಮೊದಲು ಪ್ಲಾಟಿನಂಗೆ ಸೆಲೋಫೇನ್ ಹೊದಿಸಿ ನೋಡಿದರು. ರಕ್ತದ ಕಣಗಳ ಕಾಟ ತಪ್ಪಿತು, ಆದರೆ ನೆಚ್ಚುವಂಥ ಅಳತೆ ಸಿಗಲಿಲ್ಲ. ಆಮೇಲೆ ಹೊಳೆದದ್ದು ನೋಡಿದರೆ ಇಷ್ಟೇನಾ ಅನ್ನಿಸುವಷ್ಟು ಸರಳ. ಪ್ಲಾಟಿನಂ ಒಂದನ್ನೇ ಅಲ್ಲ, ಸರ್ಕೀಟ್ ಮುಗಿಸುವ ಇನ್ನೊಂದು ತುದಿಯಾದ ಬೆಳ್ಳಿಯನ್ನೂ, ಜೊತೆಗೆ ಒಂದಿಷ್ಟು ಉಪ್ಪಿನ ದ್ರಾವಣವನ್ನೂ ಒಳಗಿಟ್ಟು, ಇಡೀ ಸಂಸಾರವನ್ನು ಒಂದೇ ಪಾಲಿಥೀನ್ ಪೊರೆಯ ಹಿಂದೆ ಕೂರಿಸುವುದು. ನಾವು ಬೇಡವೆಂದು ಎಸೆಯುವ ಪ್ಲಾಸ್ಟಿಕ್ ಚೀಲದ ಜಾತಿಯದೇ ಪಾಲಿಥೀನ್.

ಪಾಲಿಥೀನ್ ಮೂಲಕ ನೀರು ದಾಟುವುದಿಲ್ಲ, ಉಪ್ಪು ದಾಟುವುದಿಲ್ಲ, ಪ್ರೋಟೀನು ದಾಟುವುದಿಲ್ಲ. ಆಮ್ಲಜನಕ ಮಾತ್ರ ನುಸುಳಿ ಒಳಗೆ ಬರುತ್ತದೆ. ಹೊರಗೆ ರಕ್ತವಿರಲಿ, ಕೆರೆ ನೀರಿರಲಿ, ಗಾಳಿಯೇ ಇರಲಿ, ಒಳಗಿನ ತಂತಿಗೆ ಗೊತ್ತಾಗುವುದು ಆಮ್ಲಜನಕವೊಂದೇ. 1954ರ ಅಕ್ಟೋಬರ್ 4ರಂದು ಯೆಲ್ಲೋ ಸ್ಪ್ರಿಂಗ್ಸ್‌ನಲ್ಲಿ ಇಂಥ ಮೊದಲ ಎಲೆಕ್ಟ್ರೋಡ್ ಸಿದ್ಧವಾಯಿತು.

ಕ್ಲಾರ್ಕ್ ಇದನ್ನು ಜಗತ್ತಿಗೆ ತಿಳಿಸಿದ್ದು 1956ರಲ್ಲಿ. ಆ ವರ್ಷ ಪ್ರಕಟವಾದ ಪ್ರಬಂಧದ ತಲೆಬರಹದಲ್ಲೇ ರಕ್ತದ ಜೊತೆಗೆ ಅಂಗಾಂಶದ ಆಮ್ಲಜನಕವೂ ಸೇರಿತ್ತು ಎಂಬುದು ಗಮನಿಸಬೇಕಾದ ಮಾತು. ರಕ್ತದಲ್ಲಿ ಎಷ್ಟಿದೆ ಎಂದು ತಿಳಿದರೆ ಅರ್ಧ ಕೆಲಸ ಮಾತ್ರ ಆದಂತೆ, ಅದು ಮಾಂಸಖಂಡಕ್ಕೆ, ಚರ್ಮಕ್ಕೆ ತಲುಪಿತೇ ಎಂಬುದು ಉಳಿದರ್ಧ. ಆ ಎಚ್ಚರ ಅವರಿಗೆ ಮೊದಲ ದಿನದಿಂದಲೂ ಇತ್ತು. ಅದೇ ವರ್ಷ ಅಟ್ಲಾಂಟಿಕ್ ಸಿಟಿಯ ಸಮ್ಮೇಳನದಲ್ಲಿ ಕ್ಲಾರ್ಕ್ ಮಾತು ಕೇಳಿದವರಲ್ಲಿ ಜಾನ್ ಸೆವೆರಿಂಗ್‌ಹಾಸ್ ಎಂಬ ವೈದ್ಯರೂ ಇದ್ದರು. ಅವರು ಈ ಎಲೆಕ್ಟ್ರೋಡನ್ನು ಇಂಗಾಲದ ಡೈಆಕ್ಸೈಡ್ ಅಳೆಯುವ ಇನ್ನೊಂದು ಎಲೆಕ್ಟ್ರೋಡ್ ಜೊತೆ ಒಂದೇ ಬೆಚ್ಚನೆಯ ತೊಟ್ಟಿಯಲ್ಲಿಟ್ಟರು. ಇಂದು ಐಸಿಯುಗಳಲ್ಲಿ ಎಬಿಜಿ ಎಂದು ಕರೆಯುವ ರಕ್ತ ಪರೀಕ್ಷೆಯ ಯಂತ್ರ ಹುಟ್ಟಿದ್ದು ಹಾಗೆ.

ಸಕ್ಕರೆಯ ಲೆಕ್ಕ ಆಮ್ಲಜನಕದಲ್ಲಿ

1958ರಲ್ಲಿ ಕ್ಲಾರ್ಕ್ ಅಲಬಾಮಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಸೇರಿದರು. ಪವಾಯಿಯ ಐಐಟಿ ಹುಟ್ಟಿದ್ದೂ ಅದೇ ವರ್ಷ. ಮಾರನೇ ವರ್ಷ ಮಾರ್ಚ್ 10ರಂದು ಜವಾಹರಲಾಲ್ ನೆಹರೂ ಕೆರೆ ಪಕ್ಕದಲ್ಲಿ ಅಡಿಗಲ್ಲು ಹಾಕಿದರು.

ಅಲಬಾಮಾದಲ್ಲಿ ಅವರಿಗೆ ಸಿಕ್ಕ ಜೊತೆಗಾರ ಶಸ್ತ್ರವೈದ್ಯ ಚಾಂಪ್ ಲಯನ್ಸ್. ಈತ ಗಾಯಗಳ ವೈದ್ಯ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಯೂಟಾ ರಾಜ್ಯದ ಸೇನಾ ಆಸ್ಪತ್ರೆಯಲ್ಲಿ ಕೀವು ತುಂಬಿದ ಯೋಧರ ಗಾಯಗಳಿಗೆ ಆಗಷ್ಟೇ ಸಿಗತೊಡಗಿದ್ದ ಪೆನಿಸಿಲಿನ್ ಕೊಟ್ಟು ನೋಡಿದವರು. ಗಾಯ ಬಲ್ಲ ಲಯನ್ಸ್, ಅಳತೆ ಬಲ್ಲ ಕ್ಲಾರ್ಕ್ ಸೇರಿ 1962ರಲ್ಲಿ ಒಂದು ಪ್ರಬಂಧ ಬರೆದರು. ವಿಷಯ ಹೃದಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ರಕ್ತವನ್ನು ಸತತವಾಗಿ ಗಮನಿಸುವುದು. ಅದರಲ್ಲಿ ಸಕ್ಕರೆ ಅಳೆಯುವ ಒಂದು ಉಪಾಯವನ್ನೂ ಹೇಳಿದ್ದರು.

ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವೊಂದಿದೆ. ಅದು ಸಕ್ಕರೆಯನ್ನು ಒಡೆಯುವಾಗ ಆಮ್ಲಜನಕ ತಿನ್ನುತ್ತದೆ. ಆ ಕಿಣ್ವವನ್ನು ಎಲೆಕ್ಟ್ರೋಡಿನ ಮುಂದೆ ಪೊರೆಗಳ ನಡುವೆ ಹಿಡಿದಿಟ್ಟರೆ, ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಆಮ್ಲಜನಕ ಹೆಚ್ಚು ಖರ್ಚಾಗುತ್ತದೆ, ಕರೆಂಟ್ ಅಷ್ಟು ಇಳಿಯುತ್ತದೆ. ಆಮ್ಲಜನಕದ ಇಳಿಕೆ ನೋಡಿ ಸಕ್ಕರೆಯ ಲೆಕ್ಕ ಹೇಳಬಹುದು. ಜೀವದ ವಸ್ತುವೊಂದನ್ನು ಎಲೆಕ್ಟ್ರಾನಿಕ್ ಸಾಧನಕ್ಕೆ ಜೋಡಿಸಿ ಅಳೆಯುವ ಬಯೋಸೆನ್ಸರ್ ಎಂಬ ಇಡೀ ಶಾಖೆ ಇಲ್ಲಿಂದ ಬೆಳೆಯಿತು. ಕ್ಲಾರ್ಕ್ ಅವರನ್ನು ಅದರ ಪಿತಾಮಹ ಎನ್ನುವುದು ಅದಕ್ಕೇ.

ಯೆಲ್ಲೋ ಸ್ಪ್ರಿಂಗ್ಸ್‌ನಲ್ಲಿ 1948ರಲ್ಲಿ ಹಾರ್ಡಿ ಟ್ರೊಲಾಂಡರ್ ಮತ್ತು ಗೆಳೆಯರು ಶುರುಮಾಡಿದ್ದ ಯೆಲ್ಲೋ ಸ್ಪ್ರಿಂಗ್ಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಸಣ್ಣ ಕಂಪನಿ 1975ರಲ್ಲಿ ಇದೇ ತತ್ವದ ಗ್ಲುಕೋಸ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದು ಪ್ರಯೋಗಾಲಯದ ಮೇಜಿನ ಮೇಲೆ ಕೂರುವ ಯಂತ್ರ. 1980ರ ದಶಕದಲ್ಲಿ ಬ್ರಿಟಿಷ್ ಸಂಶೋಧಕರು ಆಮ್ಲಜನಕದ ಬದಲು ಬೇರೆ ರಾಸಾಯನಿಕವನ್ನು ನಡುವೆ ತಂದು, ಅದನ್ನು ಪೆನ್ನಿನ ಗಾತ್ರಕ್ಕೆ ಇಳಿಸಿದರು. ಇಂದು ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕುವ ಪಟ್ಟಿ ಅದರ ಮೊಮ್ಮಗ. ಅದೇ ಕಂಪನಿ ನೀರಿನ ಆಮ್ಲಜನಕ ಅಳೆಯುವ ಮೀಟರುಗಳನ್ನೂ ಮಾಡಿ ಜಗತ್ತಿನ ಕೆರೆ, ನದಿ, ಸಿಗಡಿ ಹೊಂಡಗಳಿಗೆ ಕಳಿಸಿತು. ಈಗ ಬೆಳಕಿನಿಂದ ಅಳೆಯುವ ಹೊಸ ಮೀಟರುಗಳು ಬಂದಿವೆ, ಆದರೂ ಹಳೆಯವು ಕೆಲಸ ಬಿಟ್ಟಿಲ್ಲ.

ಬೆರಳಲ್ಲಿ 98, ಪಾದದಲ್ಲಿ 20

ಕೋವಿಡ್ ಕಾಲದಲ್ಲಿ ಮನೆಮನೆಗೂ ಪಲ್ಸ್ ಆಕ್ಸಿಮೀಟರ್ ಬಂತು. ಬೆರಳಿಗೆ ಸಿಕ್ಕಿಸಿ 98 ಎಂದು ತೋರಿಸಿದರೆ ನೆಮ್ಮದಿ. ಆದರೆ ಆ 98 ಹೇಳುವುದು ರಕ್ತದ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂಬುದನ್ನು ಮಾತ್ರ. ಲಾರಿ ತುಂಬಾ ಅಕ್ಕಿ ಇದೆ ಎಂದು ಅದು ಹೇಳುತ್ತದೆ, ಲಾರಿ ನಿಮ್ಮ ಊರಿಗೆ ಬಂತೇ ಎಂದು ಹೇಳುವುದಿಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಾಲಿನ ರಕ್ತನಾಳಗಳು ಕಿರಿದಾಗಿರುತ್ತವೆ. ಬೆರಳಿನಲ್ಲಿ 98 ಇದ್ದರೂ ಪಾದ ಹಸಿದಿರಬಹುದು.

ಹೀಗೆ ಹಸಿದ ಪಾದಕ್ಕೆ ಸಣ್ಣ ಗಾಯವೂ ದೊಡ್ಡದೇ. ನರಗಳು ಸತ್ತಿರುವುದರಿಂದ ನೋವು ಗೊತ್ತಾಗುವುದಿಲ್ಲ. ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದಾಗ ಎದ್ದ ಬೊಕ್ಕೆ, ಚಪ್ಪಲಿಯ ಉಂಗುಷ್ಟ ಕಚ್ಚಿದ ಗಾಯ, ಉಗುರು ತೆಗೆಯುವಾಗ ಆದ ಸಣ್ಣ ಕೊಯ್ತ, ಇಷ್ಟೇ ಸಾಕು. ಗಾಯ ಮಾಗಲು ಹೊಸ ಕೊಲಾಜನ್ ಎಳೆಗಳು ಹೆಣೆದುಕೊಳ್ಳಬೇಕು, ಅದಕ್ಕೆ ಆಮ್ಲಜನಕ ಬೇಕು. ಬಿಳಿ ರಕ್ತಕಣಗಳು ಕ್ರಿಮಿಗಳನ್ನು ಸುಡಬೇಕು, ಅದಕ್ಕೂ ಆಮ್ಲಜನಕವೇ ಇಂಧನ. ಅದು ಸಿಗದಿದ್ದರೆ ಎಷ್ಟು ದುಬಾರಿ ಮುಲಾಮು ಹಚ್ಚಿದರೂ, ದಿನಕ್ಕೆ ಎರಡು ಸಲ ಡ್ರೆಸ್ಸಿಂಗ್ ಮಾಡಿದರೂ ಹುಣ್ಣು ಅಲ್ಲೇ ಇರುತ್ತದೆ.

ಆಗ ಏಳುವ ಪ್ರಶ್ನೆ ಕ್ರೂರವಾದದ್ದು. ಕಾಯಬೇಕೇ, ರಕ್ತನಾಳ ತೆರೆಸಬೇಕೇ, ಬೆರಳು ಕತ್ತರಿಸಬೇಕೇ? ಕತ್ತರಿಸಿದರೆ ಬೆರಳಿಗೇ ಸಾಕೇ, ಮೊಣಕಾಲ ಕೆಳಗೆ ಕತ್ತರಿಸಬೇಕೇ? ಬೆರಳು ತೆಗೆದ ಜಾಗ ಮಾಗದಿದ್ದರೆ ಮತ್ತೆ ಮೇಲಕ್ಕೆ, ಮತ್ತೆ ಆಪರೇಷನ್. ಕೂಲಿ ಮಾಡುವವರಿಗೆ, ಲೋಕಲ್ ರೈಲಿನ ಮೆಟ್ಟಿಲು ಹತ್ತಿಳಿದು ದುಡಿಯುವವರಿಗೆ ಮೊಣಕಾಲ ಕೆಳಗಿನ ಆ ಒಂದಡಿ ಅಂದರೆ ಇಡೀ ಬದುಕು. ಕಣ್ಣಳತೆಯಲ್ಲಿ, ಕೈ ಮುಟ್ಟಿ ನೋಡಿ ಇದನ್ನು ತೀರ್ಮಾನಿಸುವುದು ಕಷ್ಟ. ಕಾಲಿನ ಬಿಪಿ ಅಳೆದು ಅಂದಾಜು ಮಾಡುವ ಪದ್ಧತಿ ಇದೆ, ಆದರೆ ಮಧುಮೇಹಿಗಳ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾದಾಗ ಪಟ್ಟಿ ಬಿಗಿದರೂ ನಾಳ ಒತ್ತಿಕೊಳ್ಳುವುದಿಲ್ಲ. ಅಂಕಿ ಚೆನ್ನಾಗಿದೆ ಎಂದು ತೋರುತ್ತದೆ, ಕಾಲು ಮಾತ್ರ ಕೊಳೆಯುತ್ತಿರುತ್ತದೆ.

ಇಲ್ಲಿ ಕ್ಲಾರ್ಕ್ ಎಲೆಕ್ಟ್ರೋಡ್ ಕೆಲಸಕ್ಕೆ ಬಂತು, ಅದೂ ಕೂಸುಗಳ ದಾರಿಯಾಗಿ. ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಆಮ್ಲಜನಕ ಕಡಿಮೆಯಾದರೆ ಮಿದುಳಿಗೆ ಪೆಟ್ಟು, ಹೆಚ್ಚಾದರೆ ಕಣ್ಣು ಹೋಗುತ್ತದೆ. ಪದೇಪದೇ ರಕ್ತ ತೆಗೆಯಲು ಆ ಪುಟ್ಟ ಮೈಯಲ್ಲಿ ರಕ್ತವೆಷ್ಟಿರುತ್ತದೆ? ಬೆರಳನ್ನು 45 ಡಿಗ್ರಿ ಬಿಸಿ ದ್ರಾವಣದಲ್ಲಿ ಅದ್ದಿದರೆ ಚರ್ಮದ ಮೂಲಕ ಹೊರಬರುವ ಆಮ್ಲಜನಕ ಅಪಧಮನಿಯ ಮಟ್ಟಕ್ಕೆ ಹತ್ತಿರವಾಗುತ್ತದೆ ಎಂದು ಬೌಂಬರ್ಗರ್ ಮತ್ತು ಗುಡ್‌ಫ್ರೆಂಡ್ 1951ರಲ್ಲೇ ತೋರಿಸಿದ್ದರು. ಜರ್ಮನಿಯ ಹುಖ್ ದಂಪತಿ ಮತ್ತು ಲ್ಯೂಬರ್ಸ್ 1970ರ ದಶಕದ ಆರಂಭದಲ್ಲಿ ಕ್ಲಾರ್ಕ್ ಎಲೆಕ್ಟ್ರೋಡಿಗೇ ಹೀಟರ್ ಕೂರಿಸಿ ಶಿಶುಗಳ ಚರ್ಮಕ್ಕೆ ಅಂಟಿಸಿದರು. ಚುಚ್ಚುವುದು ತಪ್ಪಿತು. ಮುಂದೆ ಅದೇ ಸಾಧನ ದೊಡ್ಡವರ ಕಾಲಿಗೆ ಬಂತು.

ಪರೀಕ್ಷೆ ನಡೆಯುವ ಬಗೆ ಹೀಗೆ. ರೋಗಿ ಮಲಗಿರುತ್ತಾರೆ. ನಾಣ್ಯದಷ್ಟಗಲದ ಸೆನ್ಸರನ್ನು ಗಾಯದ ಮೇಲಲ್ಲ, ಗಾಯದ ಪಕ್ಕದ ಒಳ್ಳೆಯ ಚರ್ಮದ ಮೇಲೆ ಅಂಟಿಸುತ್ತಾರೆ. ಹೋಲಿಕೆಗೆಂದು ಎದೆಯ ಮೇಲೆ ಇನ್ನೊಂದು. ಸೆನ್ಸರ್ ಚರ್ಮವನ್ನು 44 ಡಿಗ್ರಿಯವರೆಗೆ ಬೆಚ್ಚಗೆ ಮಾಡುತ್ತದೆ, ಕೆಳಗಿನ ಸಣ್ಣ ರಕ್ತನಾಳಗಳು ಅರಳುತ್ತವೆ, ಆಮ್ಲಜನಕ ಚರ್ಮ ದಾಟಿ ಪೊರೆಯೊಳಗೆ ಬರುತ್ತದೆ. ಅಂಕಿ ನಿಲ್ಲಲು 15-20 ನಿಮಿಷ ಕಾಯಬೇಕು. ಅವಸರದ ಹೊರರೋಗಿ ವಿಭಾಗಗಳಲ್ಲಿ ಈ ಪರೀಕ್ಷೆ ವ್ಯಾಪಕವಾಗದಿರಲು ಈ ಕಾಯುವಿಕೆಯೂ ಒಂದು ಕಾರಣ.

ಬಿಪಿ ಅಳೆಯುವ ಪಾದರಸದ ಮಿಲಿಮೀಟರಿನಲ್ಲೇ ಇದರ ಓದು. ಆರೋಗ್ಯವಂತರ ಪಾದದಲ್ಲಿ ಸಾಮಾನ್ಯವಾಗಿ 50ಕ್ಕಿಂತ ಮೇಲಿರುತ್ತದೆ. 40ಕ್ಕಿಂತ ಕೆಳಗೆ ಬಂದರೆ ಗಾಯ ಮಾಗುವುದು ತಡ. 30ಕ್ಕಿಂತ ಕೆಳಗಾದರೆ ಕಷ್ಟ, 20ಕ್ಕೂ ಕೆಳಗಾದರೆ ರಕ್ತನಾಳ ತೆರೆಯದೆ ಗಾಯ ಮಾಗುವ ಆಸೆ ಬಹಳ ಕಡಿಮೆ. ಆಗ ಡ್ರೆಸ್ಸಿಂಗ್ ಬದಲಿಸುತ್ತಾ ದಿನ ದೂಡುವುದಕ್ಕಿಂತ ಆಂಜಿಯೋಪ್ಲಾಸ್ಟಿಗೋ ಬೈಪಾಸ್‌ಗೋ ಬೇಗ ಕಳಿಸುವುದು ಲೇಸು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟಾಗ ಅಂಕಿ ಚೆನ್ನಾಗಿ ಏರಿದರೆ ದಾರಿ ಪೂರ್ತಿ ಮುಚ್ಚಿಲ್ಲ ಎಂದರ್ಥ. ಹೆಚ್ಚಿನ ಒತ್ತಡದ ಆಮ್ಲಜನಕ ಕೋಣೆಯೊಳಗೆ 200 ದಾಟಿದರೆ ಆ ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚು.

ಅಂಕಿಯನ್ನು ಕುರುಡಾಗಿ ನಂಬುವಂತೆಯೂ ಇಲ್ಲ. ಕಾಲು ಊದಿದ್ದರೆ, ಸೋಂಕಿನಿಂದ ಕೆಂಪಾಗಿದ್ದರೆ, ಅಂಗಾಲಿನ ಚರ್ಮ ದಪ್ಪವಿದ್ದರೆ ಓದು ನಿಜಕ್ಕಿಂತ ಕಡಿಮೆ ಬರುತ್ತದೆ. ರಕ್ತದ ಹರಿವು ಸರಿಯಿದ್ದರೂ ಕಾಲು ಕೆಟ್ಟಿದೆ ಎಂದು ತೋರಬಹುದು. ಬಲ್ಲವರು ಒಂದೇ ಜಾಗದ ಒಂದೇ ಅಂಕಿ ನೋಡಿ ಗರಗಸ ಎತ್ತುವುದಿಲ್ಲ.

ದ್ರವದಲ್ಲಿ ಮುಳುಗಿದ ಇಲಿ

ಕ್ಲಾರ್ಕ್ ಒಂದೇ ವಿಷಯಕ್ಕೆ ಅಂಟಿಕೂತವರಲ್ಲ. 1959ರಲ್ಲಿ ಮಕ್ಕಳ ಹೃದ್ರೋಗ ತಜ್ಞ ಬಾರ್ಜೆರಾನ್ ಜೊತೆ ಸೇರಿ ಹೃದಯದ ರಂಧ್ರ ಪತ್ತೆಗೆ ಜಾಣ ಉಪಾಯ ಕಂಡುಕೊಂಡರು. ರೋಗಿಗೆ ಒಂದು ಗುಟುಕು ಹೈಡ್ರೋಜನ್ ಉಸಿರಾಡಿಸಿ, ಹೃದಯದ ಬಲಭಾಗದಲ್ಲಿಟ್ಟ ಪ್ಲಾಟಿನಂ ತುದಿಗೆ ಅದು ಬೇಗನೆ ಬಂದರೆ ನಡುಗೋಡೆಯಲ್ಲಿ ತೂತಿದೆ ಎಂದು ಹೇಳಬಹುದಿತ್ತು.

1966ರಲ್ಲಿ ಹಳೆಯ ಜೊತೆಗಾರ ಗೊಲ್ಲನ್ ಸಂಗಡ ಪ್ರಕಟಿಸಿದ ಪ್ರಯೋಗ ಜನರ ಕಣ್ಣರಳಿಸಿತು. ಫ್ಲೋರೋಕಾರ್ಬನ್ ಎಂಬ ದ್ರವ ತನ್ನೊಳಗೆ ಬಹಳಷ್ಟು ಆಮ್ಲಜನಕ ಕರಗಿಸಿಕೊಳ್ಳುತ್ತದೆ. ಅದರಲ್ಲಿ ಇಲಿಗಳನ್ನು ಪೂರ್ತಿ ಮುಳುಗಿಸಿದರೂ ಅವು ಸಾಯಲಿಲ್ಲ, ದ್ರವವನ್ನೇ ಉಸಿರಾಡಿದವು. 1989ರ ಹಾಲಿವುಡ್ ಚಿತ್ರ ದಿ ಅಬಿಸ್ ನೋಡಿದವರಿಗೆ ಇಲಿ ದ್ರವ ಉಸಿರಾಡುವ ದೃಶ್ಯ ನೆನಪಿರಬಹುದು.

1968ರಲ್ಲಿ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ಸಂಶೋಧನಾ ಸಂಸ್ಥೆಗೆ ಬಂದ ಮೇಲೆ, ಇಂಥ ದ್ರವಗಳಿಂದ ಕೃತಕ ರಕ್ತ ಮಾಡುವ ಹಂಬಲ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಈ ಹಂಬಲ ಮಾತ್ರ ಎಣಿಸಿದಂತೆ ಕೈಗೂಡಲಿಲ್ಲ. ಜಪಾನಿನ ಕಂಪನಿಯೊಂದರ ಫ್ಲೋರೋಕಾರ್ಬನ್ ಉತ್ಪನ್ನಕ್ಕೆ 1989ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತಾದರೂ 1994ರ ಹೊತ್ತಿಗೆ ಅದು ಮಾರುಕಟ್ಟೆಯಿಂದ ಹೋಯಿತು. ರಕ್ತದ ಬದಲಿಗೆ ನಿಲ್ಲುವ ದ್ರವ ಇಂದಿಗೂ ನಮ್ಮ ಬ್ಲಡ್ ಬ್ಯಾಂಕುಗಳಿಗೆ ಬಂದಿಲ್ಲ. ಪ್ಲಾಸ್ಟಿಕ್ ಪೊರೆಯ ಪುಟ್ಟ ಎಲೆಕ್ಟ್ರೋಡ್ ಮಾತ್ರ ಲೋಕವೆಲ್ಲ ಸುತ್ತಿತು.

ಕ್ಲಾರ್ಕ್ ಪತ್ನಿ ಎಲೀನರ್. ನಾಲ್ವರು ಹೆಣ್ಣುಮಕ್ಕಳ ಸಂಸಾರ. 1987ರಲ್ಲಿ ಈ ಎಲೆಕ್ಟ್ರೋಡ್ ಹುಟ್ಟಿದ ಕಥೆಯನ್ನು ಗಂಡಹೆಂಡತಿ ಇಬ್ಬರೂ ಸೇರಿ ಅರಿವಳಿಕೆ ತಜ್ಞರ ಪತ್ರಿಕೆಗೆ ಬರೆದುಕೊಟ್ಟರು. 1991ರಲ್ಲಿ ನಿವೃತ್ತಿ. ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ತನ್ನ ರಸ್ ಪ್ರಶಸ್ತಿಯನ್ನು ಅವರಿಗೆ ಕೊಟ್ಟದ್ದು 2005ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 25ರಂದು, 86ನೇ ವಯಸ್ಸಿನಲ್ಲಿ, ಕ್ಲಾರ್ಕ್ ತೀರಿಕೊಂಡರು.

ಅವರ ಎಲೆಕ್ಟ್ರೋಡಿಗೆ ಇಂದಿಗೂ ಆರೈಕೆ ಬೇಕು. ಕೆಲವು ದಿನಗಳಿಗೊಮ್ಮೆ ಹಳೆಯ ಪೊರೆ ಬಿಚ್ಚಬೇಕು, ಒಂದೆರಡು ಹನಿ ದ್ರಾವಣ ಹಾಕಬೇಕು, ಗುಳ್ಳೆ ಉಳಿಯದಂತೆ ಹೊಸ ಪೊರೆ ಎಳೆದು ಕೂರಿಸಬೇಕು. ಆಮೇಲೆ ಅದನ್ನು ಸುಮ್ಮನೆ ಗಾಳಿಗೆ ಹಿಡಿದು ಅಳತೆ ಸರಿಮಾಡಿಕೊಳ್ಳಬೇಕು. ಸಮುದ್ರ ಮಟ್ಟಕ್ಕೆ ಹತ್ತಿರವಿರುವ ಪವಾಯಿಯ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 160. ಸಮುದ್ರದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಅದು 143ರ ಆಸುಪಾಸು. ಮುಂಬೈನಲ್ಲಿ ಹೊಂದಿಸಿದ ಯಂತ್ರವನ್ನು ಹಾಗೇ ತಂದು ಬೆಂಗಳೂರಿನ ರೋಗಿಯ ಕಾಲಿಗೆ ಅಂಟಿಸುವಂತಿಲ್ಲ, ಮೊದಲು ಇಲ್ಲಿನ ಗಾಳಿಯನ್ನು ಅದಕ್ಕೆ ತೋರಿಸಬೇಕು.